ಮೈನಿಂಗ್‌ನಲ್ಲಿ ದುಡಿದ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಬಹುದಾ? ಬಿಟ್‌ಕಾಯಿನ್ ಏರಿದರೆ ಹೊಸ ಕಾರ್ಡ್ ಬೆಲೆ ಮತ್ತೆ ಏರುತ್ತದಾ?

ರೆಂಡರ್_ರಾತ್ರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಸರಸ್ವತಿಪುರಂನಲ್ಲಿ ಇದ್ದೇನೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆ ಒಳಾಂಗಣದ ಚಿತ್ರ ಮಾಡಿಕೊಡುತ್ತೇನೆ, ಸೀಸನ್‌ನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಇರುತ್ತದೆ. ಈಗಿರುವುದು 4 ಜಿಬಿಯ ಜಿಟಿಎಕ್ಸ್ 1650. ಸೀನ್ ಸ್ವಲ್ಪ ದೊಡ್ಡದಾದರೂ ಮೆಮೊರಿ ಸಾಲದೆ ರೆಂಡರ್ ಅರ್ಧಕ್ಕೇ ನಿಂತುಬಿಡುತ್ತದೆ.

ವಿಜಯನಗರದಲ್ಲಿ ಒಬ್ಬರು 10 ಜಿಬಿಯ ಆರ್‌ಟಿಎಕ್ಸ್ 3080 ಕಾರ್ಡನ್ನು 22,000ಕ್ಕೆ ಕೊಡುತ್ತೇನೆ ಅಂದಿದ್ದಾರೆ. 2021ರಲ್ಲಿ ತೆಗೆದುಕೊಂಡದ್ದು, ಮೈನಿಂಗ್‌ಗೆ (ಕಾರ್ಡಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ಕಾಯಿನ್ ಗಳಿಸುವ ಕೆಲಸಕ್ಕೆ) ಹಾಕಿದ್ದೆ ಅಂತ ಅವರೇ ಹೇಳಿದರು. "ಎಲ್‌ಎಚ್‌ಆರ್ ಅಲ್ಲದ ಕಾರ್ಡು, ಅದಕ್ಕೇ ಈ ರೇಟು" ಅಂತಲೂ ಅಂದರು. ನಾನು ಹೋಗುವ ಅಂಗಡಿಯವರು ಮೈನಿಂಗ್ ಕಾರ್ಡ್ ಮುಟ್ಟಲೇಬೇಡಿ ಅಂತಾರೆ. ಸ್ನೇಹಿತರೊಬ್ಬರು ಏನೂ ಆಗಲ್ಲ, ತಗೋ ಅಂತಾರೆ. ಯಾರ ಮಾತು ಕೇಳಲಿ?

ಇನ್ನೊಂದು ಪ್ರಶ್ನೆ. ಬಿಟ್‌ಕಾಯಿನ್ ಏರಿದಾಗಲೆಲ್ಲ "ಕಾರ್ಡ್ ಬೆಲೆ ಏರುತ್ತೆ, ಬೇಗ ತಗೊಳ್ಳಿ" ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಅದು ನಿಜವಾ?

ಅಗ್ರಹಾರ_ಗೇಮರ್

ಬೇಡ ಅನ್ನುತ್ತೇನೆ. 2021ರಲ್ಲಿ ಒಂದು ಆರ್‌ಟಿಎಕ್ಸ್ 3060 ತೆಗೆದುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಂಪನಿ ಹೇಳಿದ ಬೆಲೆ 329 ಡಾಲರ್. ನಮ್ಮೂರಲ್ಲಿ ಆ ರೇಟಿಗೆ ಒಂದೇ ಒಂದು ಕಾರ್ಡ್ ಕಣ್ಣಿಗೆ ಬೀಳಲಿಲ್ಲ. ಮೈಸೂರಿನ ಅಂಗಡಿಗಳಲ್ಲಿ ಸ್ಟಾಕ್ ಇಲ್ಲ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ "ಎಷ್ಟು ಕಾರ್ಡ್ ಬೇಕು, ಹತ್ತಾ, ಇಪ್ಪತ್ತಾ" ಅಂತ ಕೇಳುತ್ತಿದ್ದರು. ಒಂದೇ ಒಂದು ಬೇಕು ಅಂದರೆ ಮುಖ ಆಕಡೆ ತಿರುಗಿಸಿಬಿಡುತ್ತಿದ್ದರು.

ಓದುವ ಹುಡುಗರು, ಎಡಿಟಿಂಗ್ ಮಾಡುವವರು ಎಲ್ಲರೂ ಕಾಯುತ್ತಾ ಕೂತರು. ಅದೇ ಕಾರ್ಡನ್ನು ಹಗಲೂ ರಾತ್ರಿ ಉರಿಸಿ ಈಗ ನಮಗೇ ಮಾರಲು ಬಂದಿದ್ದಾರೆ. ನಾನಂತೂ ಅವರಿಗೆ ಒಂದು ರೂಪಾಯಿ ಕೊಡಲಾರೆ.

ಸರ್ವಿಸ್_ಬೆಂಚ್

ಮೇಡಂ, ಶಿವರಾಂಪೇಟೆ ಕಡೆ ಸರ್ವಿಸ್ ಕೆಲಸ ಮಾಡುವವನು ನಾನು. ಮೈನಿಂಗ್ ಮಾಡಿದ ಕಾರ್ಡುಗಳನ್ನು ತುಂಬಾ ಬಿಚ್ಚಿದ್ದೇನೆ. ಮುಟ್ಟಲೇಬೇಡಿ ಅನ್ನುವುದೂ ಸರಿಯಲ್ಲ, ಏನೂ ಆಗಲ್ಲ ಅನ್ನುವುದೂ ಸರಿಯಲ್ಲ. ಯಾವ ಕಾರ್ಡು ಅನ್ನುವುದರ ಮೇಲೆ ಹೋಗುತ್ತದೆ.

ಇಂಥ ಕಾರ್ಡುಗಳಲ್ಲಿ ಹೆಚ್ಚಾಗಿ ತೆಗೆಯುತ್ತಿದ್ದದ್ದು ಎಥೀರಿಯಂ, ಬಿಟ್‌ಕಾಯಿನ್‌ನಂಥದ್ದೇ ಇನ್ನೊಂದು ಕಾಯಿನ್. ಎಥೀರಿಯಂ ಮೈನಿಂಗ್‌ನಲ್ಲಿ ಮುಖ್ಯ ಚಿಪ್‌ಗಿಂತ ಮೆಮೊರಿಗೆ ಕೆಲಸ ಜಾಸ್ತಿ. ಹಾಗಾಗಿ ಕೆಲಸ ಬಲ್ಲವರು ಚಿಪ್‌ನ ಸ್ಪೀಡು, ವೋಲ್ಟೇಜು ಎರಡನ್ನೂ ಇಳಿಸಿ, ಮೆಮೊರಿ ಸ್ಪೀಡು ಮಾತ್ರ ಏರಿಸುತ್ತಿದ್ದರು. 320 ವಾಟ್ ತಿನ್ನುವ 3080ಯನ್ನು 220–230 ವಾಟ್‌ನಲ್ಲೇ ಓಡಿಸುತ್ತಿದ್ದರು. ಗೇಮ್ ಆಡುವಾಗ ಕಾರ್ಡು ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಮೈನಿಂಗ್ ರಿಗ್‌ನಲ್ಲಿ (ಹಲವು ಕಾರ್ಡು ಜೋಡಿಸಿದ ಯಂತ್ರದಲ್ಲಿ) ಒಂದೇ ಬಿಸಿಯಲ್ಲಿ ಇರುತ್ತದೆ. ಬೋರ್ಡಿನ ಬೆಸುಗೆಗೆ ಅದರಿಂದ ತೊಂದರೆ ಕಡಿಮೆ. ಚಿಪ್ ಸುಟ್ಟುಹೋಗಿರುತ್ತದೆ ಅನ್ನುವ ಮಾತು ಅದಕ್ಕೇ ಬಹಳ ಸಲ ನಿಜವಲ್ಲ. ಸವೆಯುವುದು ಫ್ಯಾನು, ಥರ್ಮಲ್ ಪ್ಯಾಡು (ಮೆಮೊರಿಯ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಮೆತ್ತನೆಯ ಪಟ್ಟಿ), ಮೆಮೊರಿ.

ಆದರೆ ನೀವು ನೋಡುತ್ತಿರುವುದು 3080. ನನಗೆ ಯೋಚನೆ ಅಲ್ಲೇ. ಅದರ ಮೆಮೊರಿ ಜಿಡಿಡಿಆರ್6ಎಕ್ಸ್. ಹುಟ್ಟಾ ಬಿಸಿಯ ಮೆಮೊರಿ. ಕಂಪನಿಯ ಪ್ಯಾಡ್ ಇಟ್ಟುಕೊಂಡೇ ಮೈನಿಂಗ್‌ಗೆ ಹಾಕಿದ ಎಷ್ಟೋ 3080, 3090 ಕಾರ್ಡುಗಳಲ್ಲಿ ಮೆಮೊರಿ ಶಾಖ 110 ಡಿಗ್ರಿ ಮುಟ್ಟುತ್ತಿತ್ತು. ಅಲ್ಲಿಗೆ ಕಾರ್ಡು ತಾನೇ ಸ್ಪೀಡು ಇಳಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಆ ಶಾಖದಲ್ಲಿ ಇದ್ದರೆ ಪ್ಯಾಡಿನಿಂದ ಎಣ್ಣೆಯಂಥದ್ದು ಒಸರುತ್ತದೆ. ಕಾರ್ಡ್ ಬಿಚ್ಚದೆಯೇ ಅದು ಕಾಣುತ್ತದೆ. ಹಿಂಬದಿಯ ತಗಡಿನ ಅಂಚಿನಲ್ಲಿ ಬೆರಳಾಡಿಸಿ, ಜಿಡ್ಡು ಹತ್ತಿದರೆ ಅದೇ. ಅದರ ಮೇಲೆ ಧೂಳು ಕೂತು ಕಂದು ಬಣ್ಣದ ಗೆರೆ ಆಗಿರುತ್ತದೆ.

3060 ಟಿಐ, 3070 ಕಾರ್ಡುಗಳಾದರೆ ಮೆಮೊರಿ ಮಾಮೂಲಿ ಜಿಡಿಡಿಆರ್6. 3060 ಟಿಐಗೆ ಮಾತ್ರ ಆಮೇಲೆ ಎಕ್ಸ್ ಮೆಮೊರಿಯದ್ದೂ ಒಂದು ಬಂತು, ನೋಡಿಕೊಳ್ಳಿ. ಮಾಮೂಲಿ ಮೆಮೊರಿಯ ಕಾರ್ಡು ಮೈನಿಂಗ್ ಮಾಡಿದ್ದರೂ ನಾನು ಇಷ್ಟು ಹೆದರುವುದಿಲ್ಲ.

ಎಲ್‌ಎಚ್‌ಆರ್ ಅಲ್ಲ ಅನ್ನುವ ಕಾರಣಕ್ಕೆ ಒಂದು ಪೈಸೆಯೂ ಜಾಸ್ತಿ ಕೊಡಬೇಡಿ. ಎಲ್‌ಎಚ್‌ಆರ್ ಅಂದರೆ ಎಥೀರಿಯಂ ಮೈನಿಂಗ್ ಸ್ಪೀಡನ್ನು ಕಟ್ಟಿಹಾಕಲು ಈ ಕಾರ್ಡಿನ ಚಿಪ್ ಮಾಡುವ ಕಂಪನಿ ಎನ್ವಿಡಿಯಾ ಹಾಕಿದ್ದ ಬೀಗ. ಆ ಮೈನಿಂಗೇ ಈಗ ಇಲ್ಲ. ಬ್ಲೆಂಡರ್‌ಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮಂಡ್ಯ_ಹೈದ

ಗೇಮರ್ ಅಣ್ಣ, ನಿಮ್ಮ ಕೋಪ ಅರ್ಥ ಆಗುತ್ತದೆ. ಆದರೂ ಮೈನಿಂಗ್ ಮಾಡಿದವರ ಕಡೆಯ ಮಾತೂ ಇಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ. ನಾವು ಸ್ನೇಹಿತರು ಸೇರಿ ಮದ್ದೂರು ಹತ್ತಿರ ಆರು ಕಾರ್ಡಿನ ರಿಗ್ ಕಟ್ಟಿದ್ದೆವು. ಆಂಗಲ್ ಕಬ್ಬಿಣದ ಸ್ಟ್ಯಾಂಡು, ಒಂದೊಂದು ಕಾರ್ಡಿಗೂ ರೈಸರ್ ಕೇಬಲ್ಲು, ಎದುರಿಗೆ ಗೋಡೆಗೆ ಹಾಕುವ ದೊಡ್ಡ ಎಕ್ಸಾಸ್ಟ್ ಫ್ಯಾನು. ಯಾರೂ ಕೋಟಿ ಮಾಡಲಿಕ್ಕೆ ಹೋಗಿದ್ದಲ್ಲ. ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು ಬೆಂಗಳೂರಿಂದ ಊರಿಗೆ ಬಂದ ಹುಡುಗರು ನಾವು.

ಕರೆಂಟಿನ ಲೆಕ್ಕ ಹೇಳುತ್ತೇನೆ. 3060 ಟಿಐ ಒಂದಕ್ಕೆ ಸುಮಾರು 120 ವಾಟ್, ಸೆಕೆಂಡಿಗೆ ಸುಮಾರು 60 ಮೆಗಾಹ್ಯಾಶ್ (ಮೈನಿಂಗ್ ಸ್ಪೀಡಿನ ಅಳತೆ). ಆರು ಕಾರ್ಡಿಗೆ 720 ವಾಟ್. ಬೋರ್ಡು, ಫ್ಯಾನು, ಪವರ್ ಸಪ್ಲೈ ತಿನ್ನುವುದು ಎಲ್ಲ ಸೇರಿ 850 ಅಂತ ಇಟ್ಟುಕೊಳ್ಳಿ. ದಿನಕ್ಕೆ 20 ಯೂನಿಟ್, ತಿಂಗಳಿಗೆ 600ರ ಮೇಲೆ. ಯೂನಿಟ್‌ಗೆ 7 ರೂಪಾಯಿ ಅಂದರೂ 4,200 ದಾಟುತ್ತದೆ. ಎಥೀರಿಯಂ ಬೆಲೆ ಚೆನ್ನಾಗಿದ್ದಾಗ ಆ ಬಿಲ್ಲು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಕಷ್ಟ ಕೊಟ್ಟಿದ್ದು ವೋಲ್ಟೇಜು. ಹಳ್ಳಿ ಲೈನಿನಲ್ಲಿ ಪಂಪ್‌ಸೆಟ್ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ, ಆಮೇಲೆ ಒಂದೇ ಸಲ ಏರುತ್ತದೆ. ಸ್ಟೆಬಿಲೈಸರ್ ಇಲ್ಲದೆ ಓಡಿಸಿದವರ ಪವರ್ ಸಪ್ಲೈ ಹೋಗುತ್ತಿತ್ತು, ಕೆಲವು ಸಲ ಕಾರ್ಡನ್ನೂ ಎಳೆದುಕೊಂಡು ಹೋಗುತ್ತಿತ್ತು. ಏಪ್ರಿಲ್‌ನಲ್ಲಿ ಶೀಟಿನ ಮನೆಯ ಬಿಸಿ ಬೇರೆ. ಅದಕ್ಕೇ ಅಕ್ಕ, ಮಾರುವವರನ್ನು ಕೇಳಬೇಕಾದ್ದು "ಮೈನಿಂಗ್ ಮಾಡಿದ್ದೀರಾ" ಅಂತ ಅಷ್ಟೇ ಅಲ್ಲ. ಎಲ್ಲಿ ಇಟ್ಟಿದ್ದಿರಿ, ಗಾಳಿ ಹೇಗಿತ್ತು, ಸ್ಟೆಬಿಲೈಸರೋ ಯುಪಿಎಸ್ಸೋ ಇತ್ತಾ, ಪ್ಯಾಡ್ ಬದಲಾಯಿಸಿದ್ದೀರಾ, ಇವನ್ನು ಕೇಳಿ. ಜೋಪಾನ ಮಾಡಿದವನು ಒಂದೊಂದಕ್ಕೂ ಉತ್ತರ ಕೊಡುತ್ತಾನೆ.

ನಮ್ಮ ಕಡೆ ಬೆಲ್ಲಕ್ಕೆ ರೇಟು ಬಂದ ವರ್ಷ ಎಲ್ಲರೂ ಕಬ್ಬು ಹಾಕುತ್ತಾರೆ, ಕಟಾವಿಗೆ ಬರುವ ಹೊತ್ತಿಗೆ ರೇಟು ಬಿದ್ದಿರುತ್ತದೆ. ಕಾರ್ಡಿನ ಕಥೆಯೂ ಅದೇ ಆಯಿತು. 2021ರ ನವೆಂಬರ್‌ನಲ್ಲಿ ಎಥೀರಿಯಂ 4,800 ಡಾಲರ್ ಹತ್ತಿರ ಹೋದಾಗ ಸಾಲ ಮಾಡಿ ಕಾರ್ಡ್ ತಂದವರಿದ್ದಾರೆ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗನ್ನೇ ಕೈಬಿಟ್ಟಿತು. ಕಾಯಿನ್ ಪಣಕ್ಕಿಟ್ಟವರೇ ಲೆಕ್ಕ ತಾಳೆ ಮಾಡುವ ಪದ್ಧತಿ ಬಂತು, ಕಾರ್ಡಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ಎಲ್ಲರೂ ಎಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್ ಕಡೆ ಓಡಿದರು. ಅಷ್ಟು ಜನ ಒಟ್ಟಿಗೆ ಬಂದ ಮೇಲೆ ಪಾಲು ಎಷ್ಟು ಸಿಕ್ಕೀತು? ಕರೆಂಟ್ ಬಿಲ್ಲಿಗೂ ಸಾಲದು. ಅಲ್ಲಿಂದ ಕಾರ್ಡುಗಳು ಮಾರುಕಟ್ಟೆಗೆ ಸುರಿದವು.

ಲೆಕ್ಕದ_ಮೇಷ್ಟ್ರು (ಮೈಸೂರು)

ಹೈದ ಬರೆದದ್ದನ್ನು ಓದಿ ಬೆಲೆ ಯಾಕೆ ಹಾಗೆ ಹುಚ್ಚೆದ್ದಿತು ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಗೇಮ್ ಆಡುವವನು ಕಾರ್ಡಿಗೆ ಎಷ್ಟು ಕೊಡಬಲ್ಲ? ಜೇಬಲ್ಲಿ ಇದ್ದಷ್ಟು. ಬೆಲೆ ಜಾಸ್ತಿ ಆದರೆ ಮುಂದಿನ ವರ್ಷ ನೋಡೋಣ ಅಂತಾನೆ. ಕಾರ್ಡು ದುಡ್ಡು ದುಡಿಯಲು ಶುರು ಮಾಡಿದ ದಿನ ಈ ಲೆಕ್ಕ ತಲೆಕೆಳಗಾಗುತ್ತದೆ. ಉದಾಹರಣೆಗೆ ಒಂದು ಕಾರ್ಡು ಕರೆಂಟ್ ಕಳೆದು ದಿನಕ್ಕೆ 400 ರೂಪಾಯಿ ತರುತ್ತದೆ ಅಂತ ಇಟ್ಟುಕೊಳ್ಳಿ. ಎಂಟು ತಿಂಗಳಿಗೆ 96,000. 699 ಡಾಲರ್‌ನ 3080ಗೆ ಲಕ್ಷ ಕೇಳಿದರೂ ಮೈನಿಂಗ್ ಮಾಡುವವನು ಕೊಡುತ್ತಾನೆ, ಅವನ ಲೆಕ್ಕಕ್ಕೆ ಅದು ದುಬಾರಿಯೇ ಅಲ್ಲ. ಆಮೇಲೆ ಕಾರ್ಡಿನ ಬೆಲೆ ನಿಲ್ಲುವುದು ಅದರ ದುಡಿಮೆಯ ಮೇಲೆ. ಗೇಮರ್‌ನ ಜೇಬನ್ನು ಕೇಳುವವರೇ ಇಲ್ಲ. ಎಲ್ಲ ಕಾರ್ಡಿನ ಬೆಲೆಯೂ ಮೆಗಾಹ್ಯಾಶ್ ಲೆಕ್ಕದಲ್ಲಿ ಸಾಲಾಗಿ ನಿಂತುಬಿಟ್ಟಿತ್ತು. ಗೇಮ್‌ಗೆ ಅಷ್ಟೇನೂ ಹೊಸದಲ್ಲದ ಆರ್‌ಎಕ್ಸ್ 5700 ಎಕ್ಸ್‌ಟಿ ಮೈನಿಂಗ್‌ನಲ್ಲಿ 50 ಮೆಗಾಹ್ಯಾಶ್ ದಾಟುತ್ತದೆ ಅನ್ನುವ ಒಂದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಚಿನ್ನದ ರೇಟಿಗೆ ಹೋಗುತ್ತಿತ್ತು.

ಇದು ಮೊದಲ ಸಲವೂ ಅಲ್ಲ. 2013ರ ಕೊನೆಯಲ್ಲಿ ಲೈಟ್‌ಕಾಯಿನ್‌ಗಾಗಿ ಎನ್ವಿಡಿಯಾದ ಎದುರಾಳಿ ಎಎಂಡಿಯ ಆರ್9 290 ಕಾರ್ಡುಗಳು ಅಮೆರಿಕದಲ್ಲಿ ಸಿಗದಂತಾದವು. 2017ರಲ್ಲಿ ಎಥೀರಿಯಂಗಾಗಿ ಆರ್‌ಎಕ್ಸ್ 570, 580, ಜಿಟಿಎಕ್ಸ್ 1060, 1070 ಎಲ್ಲವೂ ಏರಿದವು. 2018ರಲ್ಲಿ ಕಾಯಿನ್ ಬಿತ್ತು. ಆ ನವೆಂಬರ್‌ನಲ್ಲಿ ಎನ್ವಿಡಿಯಾ ತನ್ನ ಬಳಿ ಮಧ್ಯಮ ದರ್ಜೆಯ ಕಾರ್ಡುಗಳ ಸ್ಟಾಕ್ ಮಾರಾಟವಾಗದೆ ಉಳಿದಿದೆ ಅಂತ ಒಪ್ಪಿಕೊಂಡಿತು, ಷೇರು ಕುಸಿಯಿತು. ಮೈನಿಂಗ್‌ನಿಂದ ಎಷ್ಟು ವ್ಯಾಪಾರ ಬರುತ್ತಿದೆ ಅನ್ನುವುದನ್ನು ಹೂಡಿಕೆದಾರರಿಗೆ ಸರಿಯಾಗಿ ಹೇಳಲಿಲ್ಲ ಅಂತ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಹಿಡಿಯಿತು. 2022ರ ಮೇನಲ್ಲಿ ಆ ಪ್ರಕರಣ ಮುಗಿಸಲು ಕಂಪನಿ 55 ಲಕ್ಷ ಡಾಲರ್ ದಂಡ ಕಟ್ಟಿತು. ಯಾರು ಗೇಮರ್, ಯಾರು ಮೈನರ್ ಅನ್ನುವುದು ಹೊರಗಿನವರಿಗೆ ಕಾಣದಷ್ಟು ಎರಡೂ ಬೆರೆತುಹೋಗಿದ್ದವು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅಗ್ರಹಾರ_ಗೇಮರ್

ಸರ್, ನಾನು ಹೇಳುತ್ತಿರುವುದೂ ಅದನ್ನೇ ಅಲ್ವಾ. ಮೈನರ್‌ಗಳಿಂದಲೇ ನಮಗೆ ಕಾರ್ಡ್ ಸಿಗಲಿಲ್ಲ.

ಲೆಕ್ಕದ_ಮೇಷ್ಟ್ರು

ಮೈನರ್‌ಗಳಿಂದ "ಮಾತ್ರ" ಅನ್ನುವುದನ್ನು ನಾನು ಒಪ್ಪುವುದಿಲ್ಲ. 2020–21ರಲ್ಲಿ ಎಲ್ಲರೂ ಮನೆಯಲ್ಲೇ ಕೂತು ಕಂಪ್ಯೂಟರ್ ಕೊಂಡರು. ಚಿಪ್ ಕಾರ್ಖಾನೆಗಳಲ್ಲಿ ಜಾಗವಿಲ್ಲ. ಚಿಪ್ ಕೂರಿಸುವ ತಳಪದರಕ್ಕೂ ಕೊರತೆ. ಹಡಗಿನ ಬಾಡಿಗೆ ಏರಿತು. ಬಾಟ್ (ತಾನಾಗಿಯೇ ಆರ್ಡರ್ ಹಾಕುವ ಸಾಫ್ಟ್‌ವೇರ್) ಬಿಟ್ಟು ಆನ್‌ಲೈನ್ ಸ್ಟಾಕನ್ನೆಲ್ಲ ಬಾಚಿಕೊಂಡ ಮಧ್ಯವರ್ತಿಗಳು ಬೇರೆ. ಮೈನಿಂಗ್ ಇಲ್ಲದಿದ್ದರೂ ಕಾರ್ಡಿಗೆ ಪರದಾಟ ಇರುತ್ತಿತ್ತು. ಆದರೆ ಬೆಲೆ ಎರಡು ಪಟ್ಟು, ಎರಡೂವರೆ ಪಟ್ಟು ಹೋಗಿ ತಿಂಗಳುಗಟ್ಟಲೆ ಅಲ್ಲೇ ನಿಂತದ್ದು ಮೈನಿಂಗ್‌ನಿಂದ. ಅಷ್ಟು ಕೊಟ್ಟೂ ಲಾಭ ನೋಡಬಲ್ಲವನು ಅವನೊಬ್ಬನೇ ಇದ್ದದ್ದು.

ಅಗ್ರಹಾರ_ಗೇಮರ್

ಕಂಪನಿಗಳು ತಡೆಯಬಹುದಿತ್ತು. ತಡೆದಂತೆ ಮಾಡಿದರು, ಅಷ್ಟೇ. 2021ರ ಫೆಬ್ರವರಿಯಲ್ಲಿ ಬಂದ 3060ಗೆ ಬೀಗ ಹಾಕಿದ್ದೇವೆ, ಎಥೀರಿಯಂ ಸ್ಪೀಡು ಅರ್ಧ ಆಗುತ್ತದೆ ಅಂದರು. ಮಾರ್ಚ್‌ನಲ್ಲಿ ಅವರದೇ ಒಂದು ಪರೀಕ್ಷಾರ್ಥ ಡ್ರೈವರ್ ಆ ಬೀಗವನ್ನು ತೆಗೆದುಬಿಟ್ಟಿತು. ಅವರೇ ಬಿಟ್ಟ 470.05 ಡ್ರೈವರ್! ಆಮೇಲೆ ಮೇನಲ್ಲಿ 3060 ಟಿಐ, 3070, 3080ಗಳಿಗೂ ಬೀಗ ಬಂತು. 2022ರ ಮೇ ಹೊತ್ತಿಗೆ ಅದನ್ನೂ ಪೂರ್ತಿ ಒಡೆದರು. ಮೈನಿಂಗ್‌ಗೇ ಅಂತ ಸಿಎಂಪಿ ಕಾರ್ಡುಗಳನ್ನು ಬೇರೆ ತಂದರು. ಅದನ್ನು ಮಾಡುವ ಕಾರ್ಖಾನೆಯಲ್ಲಿ ನಮ್ಮ ಕಾರ್ಡು ಮಾಡಬಹುದಿತ್ತಲ್ಲ?

ಸರ್ವಿಸ್_ಬೆಂಚ್

ಆ ಸಿಎಂಪಿ ಕಾರ್ಡುಗಳ ಬಗ್ಗೆ ನನಗೂ ಬೇಜಾರಿದೆ. ಅವಕ್ಕೆ ಮಾನಿಟರ್ ಪೋರ್ಟೇ ಇಲ್ಲ. ಹಿಂದಿನ ಪಿ106-100 ಕೂಡ ಹಾಗೇ, ಒಳಗೆಲ್ಲ ಜಿಟಿಎಕ್ಸ್ 1060, ಹೊರಗೆ ಪೋರ್ಟ್ ಇಲ್ಲ. ಮಾಮೂಲಿ ಕಾರ್ಡಾಗಿದ್ದರೆ ಮೈನಿಂಗ್ ನಿಂತ ಮೇಲೆ ಯಾರೋ ಒಬ್ಬ ಹುಡುಗನ ಕಂಪ್ಯೂಟರಿಗೆ ಹೋಗಿ ಇನ್ನು ನಾಲ್ಕು ವರ್ಷ ಬಾಳುತ್ತಿತ್ತು. ಇವು ನೇರ ಗುಜರಿಗೆ. ಪಿ106 ಕಡಿಮೆ ರೇಟಿಗೆ ಸಿಗುತ್ತದೆ ಅಂತ ತಂದು, ಎಚ್‌ಡಿಎಂಐ ಎಲ್ಲಿ ಚುಚ್ಚುವುದು ಅಂತ ಕೇಳಿಕೊಂಡು ನಮ್ಮ ಹತ್ತಿರ ಬಂದವರಿದ್ದಾರೆ.

ಕಡಿಮೆ ಬಜೆಟ್‌ನಲ್ಲಿ ಹುಡುಕುವವರು ಇನ್ನೊಂದು ನೋಡಿಕೊಳ್ಳಿ. ಆರ್‌ಎಕ್ಸ್ 580 ಅಂತ ಮಾರುವ ಎಷ್ಟೋ ಕಾರ್ಡು "580 2048ಎಸ್‌ಪಿ". ಅದು ಹೆಸರಿಗಷ್ಟೇ 580, ಚಿಪ್ 570ರದ್ದು. ನಿಜವಾದ 580ಗೆ 2304 ಶೇಡರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಸಣ್ಣ ಘಟಕ) ಇರಬೇಕು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದರೆ ಮೊದಲ ಪುಟದಲ್ಲೇ ಶೇಡರ್ ಸಂಖ್ಯೆ ಕಾಣುತ್ತದೆ. ಮೈನಿಂಗ್ ಮಾಡಿದ 570, 580ಗಳಲ್ಲಿ ಬಯಾಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿರುವುದೂ ಮಾಮೂಲು. ಮೆಮೊರಿ ಟೈಮಿಂಗ್ ಬಿಗಿ ಮಾಡಿರುತ್ತಾರೆ. ಮೈನಿಂಗ್‌ನಲ್ಲಿ ಓಡುತ್ತದೆ, ಗೇಮ್ ಹಾಕಿದರೆ ಸ್ಕ್ರೀನ್ ಕಪ್ಪಾಗುತ್ತದೆ. ಕಾರ್ಡ್ ಹೋಗಿದೆ ಅಂತ ಎಸೆಯಬೇಡಿ, ಕಂಪನಿಯ ಮೂಲ ಬಯಾಸ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ರೆಂಡರ್_ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಬಿಟ್‌ಕಾಯಿನ್ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಅದು ಏರಿದರೆ ಮತ್ತೆ 2021 ಬರುತ್ತದಾ?

ಮಂಡ್ಯ_ಹೈದ

ಬರಲ್ಲ ಅಕ್ಕ. ಆ ವಾಟ್ಸಾಪ್ ಮೆಸೇಜ್ ನಂಬಬೇಡಿ. ಬಿಟ್‌ಕಾಯಿನ್ ಅನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ತೆಗೆಯುವ ಕಾಲ 2013ಕ್ಕೇ ಮುಗಿಯಿತು. ಆ ವರ್ಷದಿಂದ ಏಸಿಕ್ ಯಂತ್ರಗಳು ಬಂದವು. ಎಸ್‌ಎಚ್‌ಎ-256 ಅನ್ನುವ ಒಂದೇ ಲೆಕ್ಕ ಮಾಡಲು ಕೆತ್ತಿದ ಚಿಪ್ಪು ಅದು, ಬೇರೆ ಏನೂ ಬಾರದು. 2016ರ ಆಂಟ್‌ಮೈನರ್ ಎಸ್9 ಸೆಕೆಂಡಿಗೆ ಸುಮಾರು 14 ಟೆರಾಹ್ಯಾಶ್ ಮಾಡುತ್ತಿತ್ತು, 2020ರ ಎಸ್19 ಸುಮಾರು 95. ಅದರ ಮುಂದೆ ಗ್ರಾಫಿಕ್ಸ್ ಕಾರ್ಡು ನಿಲ್ಲುವ ಮಾತೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಪ್ರತಿ ಬ್ಲಾಕಿನ (ವಹಿವಾಟುಗಳ ಒಂದು ಕಂತಿನ) ಸಂಭಾವನೆ 3.125 ಬಿಟ್‌ಕಾಯಿನ್‌ಗೆ ಇಳಿದ ಮೇಲಂತೂ ಕರೆಂಟ್ ಅಗ್ಗ ಇರುವ ಜಾಗದಲ್ಲಿ ಶೆಡ್ ಹಾಕಿದವರಿಗೇ ಅದು ಗಿಟ್ಟುವುದು.

ಎಥೀರಿಯಂ ಕಾರ್ಡಿಗೆ ಅಂಟಿಕೊಂಡದ್ದು ಏಸಿಕ್‌ಗೆ ಕಷ್ಟ ಆಗಲಿ ಅಂತಲೇ ಹಾಗೆ ಮಾಡಿದ್ದರಿಂದ. ಡ್ಯಾಗ್ ಅನ್ನುವ ಒಂದು ದೊಡ್ಡ ಫೈಲು ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. 2015ರಲ್ಲಿ 1 ಜಿಬಿ ಇದ್ದದ್ದು, ಪ್ರತಿ 30,000 ಬ್ಲಾಕಿಗೆ 8 ಎಂಬಿಯಂತೆ ಬೆಳೆಯುತ್ತಾ ಹೋಯಿತು. 2020ರ ಕೊನೆಗೆ 4 ಜಿಬಿ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ. ಒಂದೇ 570, 4 ಜಿಬಿಯದಕ್ಕೆ ಗಿರಾಕಿ ಇಲ್ಲ, 8 ಜಿಬಿಯದಕ್ಕೆ ಎಲ್ಲಿಲ್ಲದ ಬೇಡಿಕೆ. ಎಥೀರಿಯಂಗೂ 2018ರಲ್ಲಿ ಆಂಟ್‌ಮೈನರ್ ಇ3 ಅಂತ ಏಸಿಕ್ ಬಂತು, ಡ್ಯಾಗ್ ಬೆಳೆದಾಗ ಅದಕ್ಕೂ ಇದೇ ಗತಿಯಾಯಿತು.

ಇನ್ನು ನಮ್ಮ ದೇಶದಲ್ಲಿ ಮತ್ತೆ ರಿಗ್ ಕಟ್ಟುವವರು ಕಡಿಮೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ 30 ತೆರಿಗೆ, ಜುಲೈನಿಂದ ಶೇ 1 ಟಿಡಿಎಸ್. ಮೈನಿಂಗ್‌ಗೆ ಹಾಕಿದ ಯಂತ್ರೋಪಕರಣದ ಖರ್ಚನ್ನು ಲಾಭದಲ್ಲಿ ಕಳೆಯುವಂತಿಲ್ಲ ಅಂತ ಸಂಸತ್ತಿನಲ್ಲೇ ಹೇಳಿದರು. ಕಾರ್ಡಿನ ಖರ್ಚೇ ದೊಡ್ಡದು, ಅದನ್ನೇ ಕಳೆಯದಿದ್ದರೆ ಏನು ಉಳಿಯುತ್ತದೆ?

ಲೆಕ್ಕದ_ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ಬಿಟ್‌ಕಾಯಿನ್‌ನಿಂದ ಭಯ ಇಲ್ಲ, ಆದರೆ ದುಡಿಮೆಯ ಲೆಕ್ಕದಲ್ಲಿ ಬೆಲೆ ನಿಲ್ಲುವುದು ಹೋಗಿಲ್ಲ. ಈಗ ಆ ಜಾಗಕ್ಕೆ ಎಐ ಬಂದಿದೆ. ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಎಳೆದುಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದೀರಿ. ಮೈನರ್ ಆದರೆ ನಮ್ಮ ಅಂಗಡಿಯಿಂದಲೇ ನಮ್ಮ ಕಾರ್ಡು ಎತ್ತಿಕೊಂಡು ಹೋಗುತ್ತಿದ್ದ, ಕಾಯಿನ್ ಬಿದ್ದಾಗ ವಾಪಸ್ ತಂದು ಮಾರುತ್ತಿದ್ದ. ಡೇಟಾ ಸೆಂಟರಿನ ಕಾರ್ಡು ವಾಪಸ್ ಬಂದರೂ ನಮ್ಮ ಮನೆಯ ಕಂಪ್ಯೂಟರಿಗೆ ಕೂರುವಂಥದ್ದಲ್ಲ. ಕೊಳ್ಳುವವರ ದೃಷ್ಟಿಯಿಂದ ಇದು ಹೆಚ್ಚು ಕಷ್ಟದ ಕಾಲ ಅನ್ನುವುದು ನನ್ನ ಅಭಿಪ್ರಾಯ. ಆದ್ದರಿಂದ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಮೈನಿಂಗ್ ಅನ್ನುವ ಒಂದೇ ಕಾರಣಕ್ಕೆ ಬಿಡಬೇಡಿ.

ಅಗ್ರಹಾರ_ಗೇಮರ್

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ 22,000 ಜಾಸ್ತಿ. 2021ರ ಕಾರ್ಡು, ವಾರಂಟಿ ಮುಗಿದಿರುತ್ತದೆ, ಮೈನಿಂಗ್ ಮಾಡಿದ್ದು. ಇಷ್ಟಿದ್ದ ಮೇಲೆ ಬೆಲೆ ಇಳಿಯಲೇಬೇಕು. ಚೌಕಾಶಿ ಮಾಡಿ ಮೇಡಂ.

ರೆಂಡರ್_ರಾತ್ರಿ

ಫೋನ್ ಮಾಡಿ ಹೈದ ಹೇಳಿದ್ದನ್ನೆಲ್ಲ ಕೇಳಿದೆ. ಯುಪಿಎಸ್ ಇತ್ತಂತೆ. ಪ್ಯಾಡ್ ಬದಲಾಯಿಸಿಲ್ಲ ಅಂದರು. ಭಾನುವಾರ ಬಂದು ನೋಡಿ ಅಂದಿದ್ದಾರೆ. ಅದೇ ರೇಟಿನೊಳಗೆ 12 ಜಿಬಿಯ 3060 ಕೂಡ ಒಂದು ಇದೆ, ಅದು ಗೇಮಿಂಗ್‌ಗೆ ಬಳಸಿದ್ದು. ಯಾವುದು ನೋಡಲಿ?

ಸರ್ವಿಸ್_ಬೆಂಚ್

ಎರಡನ್ನೂ ನೋಡಿ. 3080 ಸ್ಪೀಡಿನಲ್ಲಿ ತುಂಬಾ ಮುಂದಿದೆ. ಆದರೆ ನಿಮಗೆ ರೆಂಡರ್ ನಿಲ್ಲುತ್ತಿರುವುದು ಮೆಮೊರಿ ಸಾಲದೆ. ಅದಕ್ಕೆ 12 ಜಿಬಿ ಒಳ್ಳೆಯದು. ಮತ್ತೆ 3080ಗೆ 750 ವಾಟ್‌ನ ಒಳ್ಳೆಯ ಪವರ್ ಸಪ್ಲೈ ಬೇಕು. 1650 ಓಡಿಸುತ್ತಿರುವ ನಿಮ್ಮ ಹತ್ತಿರ ಅದು ಇರುವುದು ಅನುಮಾನ, ಅದರ ಖರ್ಚನ್ನೂ ಕಾರ್ಡಿನ ಬೆಲೆಗೆ ಸೇರಿಸಿಕೊಳ್ಳಿ. ನನ್ನನ್ನು ಕೇಳಿದರೆ 3060.

3080ಯೇ ಬೇಕು ಅನ್ನಿಸಿದರೆ ಅವರ ಮನೆಯಲ್ಲೇ, ಅವರ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ. ಪೆನ್‌ಡ್ರೈವ್‌ನಲ್ಲಿ ಜಿಪಿಯು-ಝಡ್, ಶಾಖ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್, ನಿಮ್ಮದೇ ಒಂದು ಭಾರದ ಬ್ಲೆಂಡರ್ ಸೀನ್ ಹಾಕಿಕೊಂಡು ಹೋಗಿ. ಅರ್ಧ ಗಂಟೆ ರೆಂಡರ್ ಓಡಲಿ. ಆಗ ಎಚ್‌ಡಬ್ಲ್ಯುಇನ್ಫೋದಲ್ಲಿ ಮೆಮೊರಿ ಜಂಕ್ಷನ್ ಅಂತ ಇರುವ ಶಾಖ ನೋಡಿ, ಚಿಪ್ ಶಾಖ ಅಲ್ಲ. 90ರ ಆಸುಪಾಸು ಇದ್ದರೆ ಪರವಾಗಿಲ್ಲ. 104, 106 ಅಂತ ಹೋದರೆ ಪ್ಯಾಡ್ ಹೋಗಿದೆ, ಅಷ್ಟು ದುಡ್ಡು ಇಳಿಸಿ ಅನ್ನಿ. ಸ್ಕ್ರೀನ್ ಮೇಲೆ ಬಣ್ಣದ ಚುಕ್ಕೆ, ಚೌಕ ಒಂದೇ ಒಂದು ಕಂಡರೂ ಮಾತು ಮುಂದುವರಿಸಬೇಡಿ, ಅದು ಮೆಮೊರಿ ಚಿಪ್ಪೇ ಹೋಗಿರುವ ಗುರುತು. ಫ್ಯಾನ್ ಶೇ 100ಕ್ಕೆ ಇಟ್ಟು ಕಿವಿ ಹತ್ತಿರ ತನ್ನಿ, ಕರಕರ ಅಂದರೆ ಬೇರಿಂಗ್ ಸವೆದಿದೆ. ಫ್ಯಾನ್ ಬದಲಾಯಿಸುವುದು ದೊಡ್ಡ ಖರ್ಚಲ್ಲ.

ಪ್ಯಾಡನ್ನು ನೀವೇ ಬದಲಾಯಿಸಲು ಹೋಗಬೇಡಿ. ಒಂದೊಂದು ಕಂಪನಿಯ ಕಾರ್ಡಿಗೆ ಒಂದೊಂದು ದಪ್ಪ, ಕೆಲವಕ್ಕೆ ಹಿಂದೆ ಮುಂದೆ ಬೇರೆ ಬೇರೆ ದಪ್ಪ. ಅರ್ಧ ಮಿಲಿಮೀಟರ್ ಜಾಸ್ತಿ ಆದರೂ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ತಾಗುವುದಿಲ್ಲ, ಮೆಮೊರಿ ತಣ್ಣಗಾಗಿ ಚಿಪ್ ಕಾಯಲು ಶುರುವಾಗುತ್ತದೆ. ಕಾರ್ಡಿನ ಹಿಂದಿನ ಸ್ಟಿಕ್ಕರ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್ ಇರುತ್ತದೆ, ಅದರ ಫೋಟೋ ಇಲ್ಲಿ ಹಾಕಿ. ಯಾವ ದಪ್ಪ ಬೇಕು ಅಂತ ನೋಡಿ ಹೇಳುತ್ತೇನೆ.